ಮಷೀನಲ್ಲ, ನಾನು

ಕೋಣಂದೂರಿನಲ್ಲಿ ಟೈಲರ್ ವಿಜಯಕ್ಕನ ಬಗ್ಗೆ ಜನ ಒಂದು ಮಾತಾಡುತ್ತಿದ್ದರು: ಆಯಮ್ಮ ಉಪ್ಪಿಟ್ಟಿಗೆ ರವೆ ಹಾಕೋದಿದ್ರೂ ಟೇಪು ಹಿಡಿದೇ ಹಾಕೋದು. ಆ ಮಾತು ಕಿವಿಗೆ ಬಿದ್ದರೆ ವಿಜಯಲಕ್ಷ್ಮಿಯೂ ನಗುತ್ತಿದ್ದಳು. ಸುಳ್ಳೇನೂ ಅಲ್ಲವಲ್ಲ. ರವಿಕೆ ಕಣದ ಮೇಲೆ ಕತ್ತರಿ ಇಡುವ ಮೊದಲು ಮೂರು ಸಲ ಅಳೆಯುತ್ತಿದ್ದಳು. ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದಮೇಲೆ ವಾಪಸು ಬಂದು ಒಮ್ಮೆ ಜಗ್ಗಿ ನೋಡುತ್ತಿದ್ದಳು. ತೀರ್ಥಹಳ್ಳಿಯಿಂದ ಆಚೆಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಹೊಂಬುಜಕ್ಕೆ ಪದ್ಮಾವತಿ ಅಮ್ಮನವರ ದರ್ಶನಕ್ಕೆ ಹೋಗುವುದಿದ್ದರೂ ತಮ್ಮ ಜಿನರಾಜನ ಕಾರಿನ ಹಿಂದಿನ ಸೀಟೇ ಆಗಬೇಕು.

ಇಂಥವಳು 2022ರ ದೀಪಾವಳಿಗೆ ಇನ್ನೆರಡು ವಾರ ಇದೆ ಅನ್ನುವಾಗ, ಹಾಡುಹಗಲು ಹನ್ನೊಂದೂವರೆಗೆ, ತನ್ನ ಬಾಯಿಂದ ಹೊರಟ ಮಾತು ಕೇಳಿ ತಾನೇ ಬೆಚ್ಚಿಬಿದ್ದಳು.

ಆಗ ಅವಳಿಗೆ ಐವತ್ತೆರಡು. ಮದುವೆ ಆಗಿರಲಿಲ್ಲ. ಯಾರೋ ಬೇಡ ಅಂದು ನಿಂತದ್ದಲ್ಲ, ಏನೋ ಅನಾಹುತ ಆಗಿ ತಪ್ಪಿದ್ದೂ ಅಲ್ಲ. ಅಪ್ಪ ತೀರಿಕೊಂಡ ವರ್ಷ ಒಂದು ಸಂಬಂಧ ಬಂದಿತ್ತು, ಸೂತಕ ಕಳೆಯಲಿ ಅಂದರು. ಸೂತಕ ಕಳೆಯಿತು, ಸಂಬಂಧ ಬೇರೆ ಕಡೆ ಹೋಯಿತು. ಆಮೇಲೆ ಅಮ್ಮ ಹಾಸಿಗೆ ಹಿಡಿದರು. ಆಮೇಲೆ ಜಿನರಾಜನ ಓದು, ಅವನ ಬಟ್ಟೆ ಅಂಗಡಿ, ಅವನ ಮದುವೆ. ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಕಡೆಯವರು ಇವಳನ್ನು ಹುಡುಗನ ಅತ್ತಿಗೆ ಅಂದುಕೊಂಡಿದ್ದರು. ಆ ಹುಡುಗಿಯೇ ಸಮತಾ. ಮನೆಗೆ ಬಂದ ಮೊದಲ ದಿನದಿಂದ 'ಅಕ್ಕ' ಅಂತಲೇ ಕರೆದಳು, ಅಕ್ಕನಂತೆಯೇ ನಡೆಸಿಕೊಂಡಳು. ಜಿನರಾಜ ತನ್ನ ಅಂಗಡಿಯ ಪಕ್ಕದ ಮಳಿಗೆಯನ್ನು ಅಕ್ಕನ ಹೊಲಿಗೆಗೆ ಬಿಟ್ಟುಕೊಟ್ಟಿದ್ದ. ಅವಳಿಗೆ ಅಲ್ಲಿ ಒಂದು ಕೊರತೆಯೂ ಇರಲಿಲ್ಲ. ಮುಂದೆ ಇದೇ ಮಾತು ದೊಡ್ಡ ಪೇಚಾಗಿ ಕೂತಿತು.

ಶಿವಮೂರ್ತಿ ಹೊಲಿಗೆ ಮಷೀನು ರಿಪೇರಿ ಮಾಡುವವನು. ಸಾಗರದವನು, ಶಿವಭಕ್ತರ ಪೈಕಿ, ಐವತ್ತಾರು ವರ್ಷ. ಮೊಪೆಡ್ಡಿನ ಹಿಂದೆ ಒಂದು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಟೈಲರುಗಳ ಬಾಗಿಲಿಗೆ ವರ್ಷಕ್ಕೆರಡು ಸಲ ಬರುತ್ತಿದ್ದ. ದೀಪಾವಳಿಗೆ ಮುಂಚೆ ಒಮ್ಮೆ, ಮದುವೆಯ ಹಂಗಾಮು ಶುರುವಾಗುವ ಮುಂಚೆ ಇನ್ನೊಮ್ಮೆ. ವಿಜಯಲಕ್ಷ್ಮಿಯ ಅಂಗಡಿಗೆ ಹೀಗೆ ಹನ್ನೊಂದು ವರ್ಷ ಬಂದಿದ್ದ. ಮಾತು ಕಡಿಮೆ. ಮಷೀನಿನ ಮೇಲೆ ಬಗ್ಗಿ ಕಿವಿ ಕೊಟ್ಟು, ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿ, ಯಾವ ಸ್ಕ್ರೂ ಸಡಿಲ ಅಂತ ಸದ್ದಿನಲ್ಲೇ ಹಿಡಿಯುತ್ತಿದ್ದ. ಮುಗಿದ ಮೇಲೆ ಒಂದು ಲೋಟ ಚಹ ಕುಡಿದು, ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದ. ಹೆಂಡತಿ ತೀರಿಹೋಗಿ ವರ್ಷಗಳಾದವು ಅನ್ನುವುದು ಯಾವುದೋ ಮಾತಿಗೆ ಬಂದು ಗೊತ್ತಿತ್ತು. ಬೇರೇನೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ತನಗೆ ಅನಿಸಿದ್ದೂ ಅವಳಿಗೆ ನೆನಪಿಲ್ಲ.

ಆ ದಿನ ಅವನು ಮಷೀನಿನ ಶಟಲ್ಲು ಬಿಚ್ಚಿ ಒರೆಸುತ್ತ, ತಲೆ ಎತ್ತದೆಯೇ ಹೇಳಿದ.

"ಮೇಡಂ, ಇದೇ ಕೊನೆ. ಇನ್ನು ನಾನು ಈ ಕಡೆ ಬರಲ್ಲ."

"ಯಾಕೆ?"

"ಎಲ್ಲಾ ರೆಡಿಮೇಡ್ ಆಯ್ತು. ಹೊಸನಗರ ಕಡೆ ಹೋದ್ವರ್ಷ ಹದಿನಾರು ಮಷೀನಿತ್ತು, ಈ ಸಲ ಆರು. ಮೊಪೆಡ್ಡಿಗೂ ವಯಸ್ಸಾಯ್ತು, ನಂಗೂ ಆಯ್ತು. ಸಾಗರದಲ್ಲೇ ಎಷ್ಟಾಗುತ್ತೋ ಅಷ್ಟು ಮಾಡ್ಕೊಂಡಿರ್ತೀನಿ."

ವಿಜಯಲಕ್ಷ್ಮಿ ಕತ್ತರಿ ಕೆಳಗಿಟ್ಟಳು.

"ಹಂಗಾದ್ರೆ ನಾನೇ ಅಲ್ಲಿಗೆ ಬರ್ಲಾ?"

"ಮಷೀನು ಹೊತ್ಕೊಂಡು ಬಸ್ಸಲ್ಲಿ ಬರೋದು ಕಷ್ಟ ಮೇಡಂ. ಅಷ್ಟು ಅರ್ಜೆಂಟಾದ್ರೆ ಫೋನ್ ಮಾಡಿ, ಒಂದ್ಸಲ..."

"ಮಷೀನಲ್ಲ. ನಾನು. ನಾನು ಬರ್ತೀನಿ, ನಿಮ್ಮ ಮನೆಗೆ. ಮದುವೆ ಆಗಿ."

ಹೇಳಿದ್ದು ಅವಳೇ. ಧ್ವನಿಯೂ ನಡುಗಲಿಲ್ಲ, ತೋಳಿನಳತೆ ಇಷ್ಟು ಸಾಕಾ ಅಂತ ಕೇಳುವ ಧ್ವನಿಯಲ್ಲೇ ಹೇಳಿದ್ದಳು. ಆದರೆ ಮಾತು ಮುಗಿದದ್ದೇ ಅವಳ ಎರಡೂ ಕಿವಿ ಗುಂಯ್ ಅಂದವು. ಶಿವಮೂರ್ತಿ ಸಟ್ಟನೆ ಎದ್ದ. ಮೊಣಕೈ ತಾಗಿ ಎಣ್ಣೆಕುಪ್ಪಿ ಉರುಳಿತು. ಮೇಜಿನ ಮೇಲೆ ಹರಡಿಟ್ಟಿದ್ದ ಶ್ಯಾಮಲಾ ಟೀಚರ ತಿಳಿಹಸಿರು ರೇಷ್ಮೆ ಕಣದ ಮೇಲೆ ಎಣ್ಣೆ ಅಂಗೈಯಗಲ ಹರಿದು ನಿಂತಿತು. ಇಬ್ಬರೂ ಆ ಕಲೆಯನ್ನೇ ನೋಡಿದರು. ಇಬ್ಬರೂ ಒರೆಸಲಿಲ್ಲ.

ಅವನು ಬಿಚ್ಚಿದ ಶಟಲ್ಲನ್ನು ಜೋಡಿಸಿದ. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಪೆಟ್ಟಿಗೆ ಮುಚ್ಚಿದ. ಚಹ ಕುಡಿಯಲಿಲ್ಲ. "ಬರ್ತೀನಿ ಮೇಡಂ" ಅಂದ. ಹನ್ನೊಂದು ವರ್ಷದ ರೂಢಿ, ಬಾಯಿಗೆ ಬಂದುಬಿಟ್ಟಿತು. ಅಂದದ್ದು ತನಗೇ ಕೇಳಿಸಿ ಇನ್ನಷ್ಟು ಗಾಬರಿಯಾಗಿ, ಸ್ಟ್ಯಾಂಡು ತೆಗೆಯದೆಯೇ ಮೊಪೆಡ್ಡನ್ನು ನೂಕಲು ಹೋಗಿ ಮುಗ್ಗರಿಸಿದ.

ವಿಜಯಲಕ್ಷ್ಮಿ ಸ್ಟೂಲಿನ ಮೇಲೆ ಕೂತೇ ಇದ್ದಳು. ತನಗೆ ನಾಚಿಕೆಯಾಗಬೇಕಿತ್ತು, ಅದು ಗೊತ್ತಿತ್ತು. ಕಾದಳು. ನಾಚಿಕೆ ಬರಲಿಲ್ಲ. ಆಡಿದ ಮಾತಿಗಿಂತ ಈ ನಾಚಿಕೆ ಬಾರದ್ದೇ ಅವಳನ್ನು ಹೆಚ್ಚು ಹೆದರಿಸಿತು. ನನ್ನೊಳಗೆ ಯಾರಿದು, ಇಷ್ಟು ದಿನ ಎಲ್ಲಿದ್ದಳು, ಅನಿಸಿತು.

ಮರುದಿನ ಕಣ ಹಿಡಿದು ಶ್ಯಾಮಲಾ ಟೀಚರ ಮನೆಗೆ ಹೋಗಿ ಕಲೆ ತೋರಿಸಿದಳು. ಟೀಚರು ಕಣ ನೋಡಲಿಲ್ಲ, ಅವಳ ಮುಖ ನೋಡಿದರು. "ನಿಮ್ಮ ಕೈಯಲ್ಲಿ ಕಲೆಯಾ ವಿಜಯಕ್ಕ! ಮನೇಲಿ ಎಲ್ಲಾ ಹುಷಾರಿದಾರಾ?" ಅಂತ ಕೇಳಿದರು.

ಹದಿನೇಳು ದಿನ ಕಳೆದವು. ದೀಪಾವಳಿ ಬಂದು ಹೋಯಿತು. ಫೋನು ಬರಲಿಲ್ಲ. ಅವಳ ಮೊಬೈಲಿನಲ್ಲಿ 'ಮಷೀನ್ ರಿಪೇರಿ' ಅನ್ನುವ ಹೆಸರಲ್ಲಿ ಅವನ ನಂಬರಿತ್ತು. ಒತ್ತಲು ಮನಸ್ಸು ಬರಲಿಲ್ಲ. ಫೋನಿನಲ್ಲಿ ಬೇಡ ಅನ್ನುವುದು ಸುಲಭ, ಅಂದುಬಿಟ್ಟಾನು. ಹದಿನೆಂಟನೇ ದಿನ ಬೆಳಿಗ್ಗೆ, ತೀರ್ಥಹಳ್ಳಿಗೆ ಹೋಗಿ ಲೈನಿಂಗ್ ಬಟ್ಟೆ ತರುತ್ತೇನೆ ಅಂತ ಸಮತಾಗೆ ಹೇಳಿ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿಯ ಬಸ್ಸು ನಿಂತಿತ್ತು, ಅದರ ಹಿಂದೆ ಹೊಸನಗರದ್ದು. ಕಾಲು ಹಿಂದಿನದಕ್ಕೆ ಹೋಯಿತು. ತಡೆಯೋಣ ಅಂದುಕೊಳ್ಳುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ.

ಹೊಸನಗರದಲ್ಲಿ ಇಳಿದು ಸಾಗರದ ಬಸ್ಸು ಯಾವುದು ಅಂತ ಮೂರು ಜನರನ್ನು ಕೇಳಿದಳು. ಒಬ್ಬರು ಹೇಳಿದ್ದೇ ಸಾಕಿತ್ತು. ಸಾಗರದಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಅವನ ಮನೆ ಎಲ್ಲಿ, ಗೊತ್ತಿಲ್ಲ. ಮನೆಯಲ್ಲಿ ಯಾರಿದ್ದಾರೆ, ಗೊತ್ತಿಲ್ಲ. ಬೈದು ಕಳಿಸಿದರೆ ಏನು ಮಾಡಬೇಕು, ಅದೂ ಗೊತ್ತಿಲ್ಲ. ಇಷ್ಟು ಗೊತ್ತಿಲ್ಲಗಳನ್ನು ಇಟ್ಟುಕೊಂಡು ಅವಳು ಜನ್ಮದಲ್ಲಿ ಒಂದು ದಾರವನ್ನೂ ಸೂಜಿಗೆ ಪೋಣಿಸಿದವಳಲ್ಲ. ಆದರೆ ಮಷೀನು ರಿಪೇರಿಯವನ ಮನೆ ಟೈಲರಿಗೆ ಗೊತ್ತಿರಲೇಬೇಕು ಅನ್ನುವಷ್ಟು ಬುದ್ಧಿ ಓಡಿತು. ಕಣ್ಣಿಗೆ ಬಿದ್ದ ಮೊದಲ ಹೊಲಿಗೆ ಅಂಗಡಿ ಪೂರ್ಣೇಶ್ ಅನ್ನುವವನದು. ಪ್ಯಾಂಟಿಗೆ ಗುಂಡಿ ಹಚ್ಚುತ್ತಿದ್ದವನು ತಲೆ ಎತ್ತಿ ನೋಡಿದ.

"ಮೂರ್ತಣ್ಣನ ಮನೆಯಾ? ಮನೇಗೆ ಯಾರನ್ನೂ ಬಿಟ್ಕೊಳಲ್ವಲ್ಲ ಅವ್ರು. ಏನಿದ್ರೂ ನಮ್ಮಂಗಡೀಲೇ ಭೇಟಿ. ನೀವು ಸಂಬಂಧಿಕ್ರಾ?"

"ಇನ್ನೂ ಇಲ್ಲ" ಅಂದಳು.

ಅವನಿಗೆ ಅರ್ಥವಾಗಲಿಲ್ಲ. ದಾರಿ ಮಾತ್ರ ಹೇಳಿಕೊಟ್ಟ.

ಹೆಂಚಿನ ಸಣ್ಣ ಮನೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮುದುಕಿಯೊಬ್ಬಳ ಧ್ವನಿ ಕೇಳುತ್ತಿತ್ತು. ಗಂಜಿ ಸುಡುತ್ತಿದೆ, ನನ್ನ ನಾಲಿಗೆ ಸುಟ್ಟು ಸಾಯಿಸಬೇಕು ಅಂತ ಮಾಡಿದೀಯಾ, ಅಂತ ಒಂದೇ ಸಮ ಬೈಗುಳ. ವಿಜಯಲಕ್ಷ್ಮಿ ಹೊಸ್ತಿಲಲ್ಲಿ ನಿಂತು ನೋಡಿದಳು. ಮಂಚದ ಮೇಲೆ ಎಂಬತ್ತರ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಎಡಗೈ ಮಡಿಲಲ್ಲಿ ಬಟ್ಟೆಯ ಗಂಟಿನಂತೆ ಬಿದ್ದಿತ್ತು. ಶಿವಮೂರ್ತಿ ಅಂಗಿಯ ತೋಳು ಮಡಚಿ, ಹೆಗಲಿಗೆ ಟವಲು ಹಾಕಿಕೊಂಡು ಚಮಚದಲ್ಲಿ ಗಂಜಿ ಊದಿ ಊದಿ ಕುಡಿಸುತ್ತಿದ್ದ. ಅವಳನ್ನು ಕಂಡವನು ಚಮಚ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟ.

"ನೀವು... ಹೆಂಗೆ ಬಂದ್ರಿ?"

"ಬಸ್ಸಲ್ಲಿ."

ಅವನು ಚಮಚವನ್ನು ಬಟ್ಟಲಿಗೆ ಹಾಕಿ ಎದ್ದ.

ಅವನು ಜಗಲಿಗೆ ಬಂದು, ಒಳಗೆ ಕೇಳದಂತೆ ಹೇಳಿದ. ಇದು ಕನ್ನಮ್ಮ, ಅವನ ಅತ್ತೆ. ಹೆಂಡತಿ ಹೋಗಿ ಹದಿನಾಲ್ಕು ವರ್ಷ. ಅವಳು ಹೋದ ಮರುವರ್ಷ ಅತ್ತೆಗೆ ಲಕ್ವ ಹೊಡೆಯಿತು. ಅತ್ತೆಯ ಇಬ್ಬರು ಗಂಡುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಪತ್ರೆಯಿಂದ ಎತ್ತಿಕೊಂಡು ಬಂದವನು ಇವನು. ಇವನು ಕೆಲಸಕ್ಕೆ ಹೋದ ದಿನ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು.

"ಹನ್ನೊಂದು ವರ್ಷದಲ್ಲಿ ಒಂದು ಸಲನೂ ಹೇಳಿಲ್ಲ ನೀವು" ಅಂದಳು.

"ಏನಂತ ಹೇಳ್ಲಿ? ಹೆಂಡ್ತಿ ಇಲ್ಲ, ಅತ್ತೆ ಇದಾರೆ ಅಂತಾನಾ? ನಗ್ತಾರೆ ಕೇಳ್ದೋರು." ಅವನು ಟವಲಿನಿಂದ ಮುಖ ಒರೆಸಿಕೊಂಡ. "ಬೇಡ ಮೇಡಂ. ಆವತ್ತು ನೀವು ಹಂಗೆ ಕೇಳಿದ್ಮೇಲೆ ನಾನು ಒಂದು ಕೆಲ್ಸ ನೆಟ್ಟಗೆ ಮಾಡಿಲ್ಲ. ಆದ್ರೂ ಬೇಡ. ಇಲ್ಲಿ ಏನಿದೆ, ಹೆಂಗಿದೆ ಅಂತ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ" ಅಂತ ಒಪ್ಪಿಕೊಂಡಳು. "ನಂಗೆ ಗೊತ್ತಿರೋದು ಇಷ್ಟೇ. ನೀವು ಇನ್ನು ಬರಲ್ಲ ಅಂದಾಗ ನಂಗೆ ತಡ್ಕೊಳಕ್ಕಾಗ್ಲಿಲ್ಲ. ಅದಕ್ಕೇ ಮದುವೆ ಅಂದೆ."

ಒಳಗೆ ಮಾತು ನಿಂತಿತ್ತು. ಮುದುಕಿ ಕಿವಿಗೊಟ್ಟಿದ್ದಳು.

"ಯಾರೋ ಅದು ಮೂರ್ತಿ? ಮದುವೆ ಅಂದ್ಲಾ? ನಿಂಗಾ?" ಒಮ್ಮೆಲೇ ಆ ಧ್ವನಿ ಒಡೆಯಿತು. "ನನ್ನ ಎಲ್ಲಿ ಹಾಕ್ತೀರೋ ಹಂಗಾದ್ರೆ?"

ಬೈಗುಳದ ಹಿಂದೆ ಇಷ್ಟು ಹೆದರಿಕೆ ಇದ್ದೀತೆಂದು ವಿಜಯಲಕ್ಷ್ಮಿ ಎಣಿಸಿರಲಿಲ್ಲ. ತಾನು ಕೇಳಿದ ಒಂದು ಮಾತು ಎಲ್ಲಿಯೋ ಹಾಸಿಗೆ ಹಿಡಿದಿದ್ದ, ತಾನು ಕಂಡೇ ಇಲ್ಲದ ಒಂದು ಜೀವದ ಬುಡವನ್ನು ಅಲ್ಲಾಡಿಸಿಬಿಟ್ಟಿದೆ. ಬಂದ ದಾರಿಯಲ್ಲೇ ವಾಪಸು ನಡೆದಳು.

ಕೋಣಂದೂರಿನಲ್ಲಿ ಬಸ್ಸು ಇಳಿದಾಗ ದೀಪ ಹತ್ತಿತ್ತು. ಜಿನರಾಜ ಸ್ಟ್ಯಾಂಡಿನಲ್ಲೇ ನಿಂತಿದ್ದ. ತೀರ್ಥಹಳ್ಳಿಯ ಬಟ್ಟೆ ಅಂಗಡಿಗಳಿಗೆಲ್ಲ ಫೋನು ಮಾಡಿ ಆಗಿತ್ತು. "ಎಲ್ಲಿಗೆ ಹೋಗಿದ್ದೆ ಅಕ್ಕ? ಜೀವ ಹೋಗಿತ್ತು ನಮ್ದು" ಅಂದ. ಅವಳು ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ, ಮಧ್ಯಾಹ್ನವೂ ತಿಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಮನೆಯ ಜಗಲಿಯ ಮೇಲೆ ಕೂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ತಮ್ಮನಿಗೂ ಸಮತಾಗೂ ಹೇಳಿದಳು.

ಜಿನರಾಜ ಮೊದಲು ನಕ್ಕ. ಆಮೇಲೆ ಅವಳು ನಗದೆ ಇದ್ದದ್ದು ನೋಡಿ ನಗು ನಿಲ್ಲಿಸಿದ. ಆಮೇಲೆ ಅವಳ ಹಣೆ ಮುಟ್ಟಿ ನೋಡಿದ.

ಮರುದಿನ ಅವಳನ್ನು ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಕ್ಕನಿಗೆ ತಲೆಗೆ ಏನೋ ಆಗಿದೆ ಅಂತ ಅವನು ನಿಜವಾಗಿ ನಂಬಿದ್ದ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೇ ಅವಳು ಕಾರು ಹತ್ತಿದಳು. ಡಾಕ್ಟರು ಬಿಪಿ ನೋಡಿದರು, ರಕ್ತ ತೆಗೆಸಿದರು, ಇವತ್ತು ಯಾವ ವಾರ, ನೂರರಿಂದ ಏಳು ಏಳು ಕಳೆಯುತ್ತ ಬನ್ನಿ ಅಂದರು. ಅವಳು ಎರಡಕ್ಕೆ ಬಂದು ನಿಂತಾಗ, "ನನಗಿಂತ ಚುರುಕಿದಾರೆ ನಿಮ್ಮಕ್ಕ" ಅಂದರು. ಜಿನರಾಜನಿಗೆ ಆ ಮಾತು ಸಿಡಿಲು ಬಡಿದಂತಾಯಿತು. ಕಾಯಿಲೆಯಾಗಿದ್ದರೆ ಮದ್ದಿತ್ತು.

ವಾಪಸು ಬರುವಾಗ ಕಾರು ಪಕ್ಕಕ್ಕೆ ನಿಲ್ಲಿಸಿ ಕೇಳಿದ.

"ನಾವೇನು ಕಡಿಮೆ ಮಾಡಿದೀವಿ ಅಕ್ಕ ನಿಂಗೆ?"

"ಏನೂ ಮಾಡಿಲ್ಲ."

"ಮತ್ತೆ? ಜಾತಿ ಬೇರೆ, ಊರು ಬೇರೆ. ಅವನ ಮನೇಲಿ ಹಾಸಿಗೆ ಹಿಡಿದ ಮುದುಕಿ, ಅದೂ ಅವನಮ್ಮ ಅಲ್ಲ. ನೀನು ಅಮ್ಮಂಗೆ ಮಾಡಿದ್ದು ಸಾಲ್ದಾ?"

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. "ನಂಗೆ ಹೋಗ್ಬೇಕು ಅನ್ಸಿದೆ ಜಿನ್ನು. ಯಾಕೆ ಅಂತ ಕೇಳಿದ್ರೆ ಹೇಳಕ್ಕೆ ಬರಲ್ಲ. ಅನ್ಸಿದ್ದು ಮಾತ್ರ ಸುಳ್ಳಲ್ಲ" ಅಂದಳು. ಅವನು ಕಾರು ಶುರು ಮಾಡಿದ, ಮನೆ ಬಾಗಿಲಲ್ಲಿ ಅವಳನ್ನು ಇಳಿಸಿ ಅಂಗಡಿಗೆ ಹೋದ.

ಒಂದು ತಿಂಗಳಾದ ಮೇಲೆ ಶಿವಮೂರ್ತಿಯ ಫೋನು ಬಂತು. "ಮೇಡಂ, ನಮ್ಮತ್ತೆಗೆ ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ." ಫೋನು ಇಡುವ ಮುಂಚೆ, "ನಂಗೂ" ಅಂದ.

ಎರಡನೇ ಸಲ ಹೋದಾಗ ಕನ್ನಮ್ಮ ತಲೆ ಬಾಚಿಸಿಕೊಂಡು ಕೂತಿದ್ದಳು. ಶಿವಮೂರ್ತಿಯನ್ನು ಹೊರಗೆ ಕಳಿಸಿದಳು. ಅವಳ ಸೊಟ್ಟ ಬಾಯಿಯ ಮಾತು ವಿಜಯಲಕ್ಷ್ಮಿಗೆ ಮೊದಮೊದಲು ಹಿಡಿಯಲೇ ಇಲ್ಲ.

"ನಾನು ಸಾಯೋತನಕ ಕಾಯ್ತೀಯಾ?" ಅಂತ ಕೇಳುತ್ತಿದ್ದಳು ಮುದುಕಿ.

"ಇಲ್ಲಮ್ಮ" ಅಂದಳು. "ಕಾಯಕ್ಕಾಗಲ್ಲ. ನಂಗೀಗ್ಲೇ ಐವತ್ತೆರಡು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹಾಸಿಗೆಯಲ್ಲಿರುವ ಹಿರಿಯರ ಎದುರು ಆಡುವ ಮಾತಾ ಅದು! ಕನ್ನಮ್ಮ ಅವಳನ್ನೇ ದಿಟ್ಟಿಸಿದಳು. ಗಂಟಲಲ್ಲಿ ಗೊರಗೊರ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೋ ಏನೋ ಅಂತ ಗಾಬರಿಯಿಂದ ಎದ್ದು ಬೆನ್ನು ನೀವಲು ಹೋದರೆ, ಮುದುಕಿ ನಗುತ್ತಿದ್ದಳು.

"ನನ್ನ ಮಗಳಿಗೆ ಇಂಥಾ ಬಾಯಿರಲಿಲ್ಲ" ಅಂದಳು. "ಇದ್ದಿದ್ರೆ ಬದುಕ್ತಿದ್ಲು." ಅದರ ಅರ್ಥವೇನೆಂದು ವಿಜಯಲಕ್ಷ್ಮಿ ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ.

ರಿಜಿಸ್ಟರ್ ಮದುವೆಗೆ ಸಾಗರದ ಕಚೇರಿಯಲ್ಲಿ ಅರ್ಜಿ ಕೊಟ್ಟರು. ಒಂದು ತಿಂಗಳು ನೋಟೀಸು ಹಾಕಬೇಕು, ಹೆಣ್ಣಿನ ಕಡೆಯ ತಾಲೂಕಿಗೂ ಒಂದು ಪ್ರತಿ ಹೋಗುತ್ತದೆ ಅಂದರು. ಅದರಲ್ಲೇನಿದೆ, ಬೋರ್ಡಿನ ಮೇಲಿನ ಕಾಗದ ಯಾರು ಓದುತ್ತಾರೆ ಅಂದುಕೊಂಡಿದ್ದಳು. ಜಮೀನಿನ ಕೆಲಸಕ್ಕೆ ತೀರ್ಥಹಳ್ಳಿಯ ಕಚೇರಿಗೆ ಹೋಗಿದ್ದ ದೂರದ ನೆಂಟನೊಬ್ಬ ಓದಿದ. ಫೋಟೋ ಹೊಡೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಮೂವತ್ತೊಂದು ವರ್ಷ ಊರ ಹೆಂಗಸರ ರವಿಕೆ ಹೊಲಿದ ವಿಜಯಕ್ಕನ ಭಾವಚಿತ್ರ, ಹೆಸರು, ವಯಸ್ಸು, ಪಕ್ಕದಲ್ಲಿ ಶಿವಮೂರ್ತಿಯ ಭಾವಚಿತ್ರ, ಹೆಸರು, ವಯಸ್ಸು. ಅರ್ಧ ಗಂಟೆಯಲ್ಲಿ ಕೋಣಂದೂರಿನ ಪೇಟೆಯೆಲ್ಲ ತಿಳಿಯಿತು. ಅಂಗಡಿಯ ಎದುರು ಹೋಗುವವರು ನಡಿಗೆ ನಿಧಾನ ಮಾಡಿ ಒಳಗೆ ಇಣುಕಿದರು. ಒಬ್ಬ ಹೆಂಗಸು ಕೊಟ್ಟಿದ್ದ ಕಣ ವಾಪಸು ಒಯ್ದಳು. ಇನ್ನೊಬ್ಬಳು, ಅರವತ್ತು ದಾಟಿದ ವಿಧವೆ, ಹೊಲಿಸುವುದೇನೂ ಇಲ್ಲದಿದ್ದರೂ ಬಂದು ಸ್ಟೂಲಿನ ಮೇಲೆ ಕಾಲು ಗಂಟೆ ಸುಮ್ಮನೆ ಕೂತು, "ಹೆದರ್ಕೋಬೇಡ" ಅಂದು ಎದ್ದು ಹೋದಳು.

ಜಿನರಾಜ ಆವತ್ತು ಅಂಗಡಿಯ ಬಾಗಿಲು ಹಾಕಿದ. ರಾತ್ರಿಯಾಗುವ ಮುಂಚೆ ಅಕ್ಕನ ಎದುರು ಬಂದು ನಿಂತ. "ನೀನು ಹೋಗೋದು ಖಂಡಿತ ಅಂತಾದ್ರೆ ಹೋಗು. ನಾನು ಬರಲ್ಲ. ನಮ್ಮನೆಯವರು ಯಾರೂ ಬರಲ್ಲ."

"ಆಯ್ತು" ಅಂದಳು. ಅವನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ಸೋಮವಾರ, ಸಣ್ಣ ಟ್ರಂಕು ಹಿಡಿದು ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ಹೋದಳು. ಕಚೇರಿಯಲ್ಲಿ ಮೂವರು ಸಾಕ್ಷಿ ಬೇಕು. ಪೂರ್ಣೇಶ ಅಂಗಡಿ ಮುಚ್ಚಿ ಬಂದಿದ್ದ, ಶಿವಮೂರ್ತಿಯ ಪಕ್ಕದ ಮನೆಯವರು ಒಬ್ಬರಿದ್ದರು. ಮೂರನೆಯವರಾಗಿ ಬರುತ್ತೇನೆಂದಿದ್ದವರು ಕೈ ಕೊಟ್ಟರು. ಹೊರಗೆ ಹೋಗಿ ಯಾರನ್ನಾದರೂ ಕರೆದುಕೊಂಡು ಬನ್ನಿ ಅಂತ ಗುಮಾಸ್ತರು ಗೊಣಗುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಸಮತಾ. ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಗಂಡನ ಮಾತಿಗೆ ಒಂದು ಎದುರು ಮಾತಾಡದವಳು.

"ಜಿನ್ನೂಗೆ ಗೊತ್ತಾದ್ರೆ..." ಅಂದಳು ವಿಜಯಲಕ್ಷ್ಮಿ.

"ಹೇಳೇ ಬಂದೆ ಅಕ್ಕ. ಹೋಗ್ತೀನಿ ಅಂದೆ, ಬೇಡ ಅಂದ್ರು, ಹೋಗ್ತೀನಿ ಅಂದೆ." ಸಮತಾ ತಾನೇ ನಂಬಲಾರದವಳ ಹಾಗೆ ಕಣ್ಣರಳಿಸಿದಳು. "ಎಲ್ಲಿ ಸೈನ್ ಮಾಡ್ಬೇಕು?"

ವಿಜಯಲಕ್ಷ್ಮಿಗೆ ಇಷ್ಟು ದಿನ ಬಾರದಿದ್ದ ಅಳು ಅಲ್ಲಿ ಬಂತು. ಹಾರ ಹಾಕುವಾಗ ಶಿವಮೂರ್ತಿ, "ಸ್ವಲ್ಪ ತಲೆ ಬಗ್ಗಿಸಿ ಮೇಡಂ" ಅಂದ. ಕಚೇರಿಗೆ ಕಚೇರಿಯೇ ನಕ್ಕಿತು.

ಅಲ್ಲಿಂದ ಮುಂದೆ ಎಲ್ಲ ಸುಖ ಅಂತ ಹೇಳಿದರೆ ವಿಜಯಲಕ್ಷ್ಮಿಯೇ ಒಪ್ಪುವುದಿಲ್ಲ. ಕನ್ನಮ್ಮ ಒಂದು ದಿನ ನಕ್ಕಿದ್ದಳು, ಅಷ್ಟೇ. ಮದುವೆಯ ಮರುವಾರದಿಂದ ಬೈಗುಳಕ್ಕೆ ಹೊಸ ಕಿವಿ ಸಿಕ್ಕಿತ್ತು. ವಿಜಯಲಕ್ಷ್ಮಿ ಈರುಳ್ಳಿ, ಆಲೂಗಡ್ಡೆ ಮುಟ್ಟುವವಳಲ್ಲ, ಅವರ ಮನೆಯಲ್ಲಿ ನೆಲದಡಿ ಬೆಳೆದದ್ದು ತಿನ್ನುವ ಪದ್ಧತಿ ಇರಲಿಲ್ಲ. "ಈರುಳ್ಳಿ ಇಲ್ದೆ ಎಂಥ ಸಾರಿದು, ಹುಲ್ಲು ಬೇಯ್ಸಿ ಇಟ್ಟಿದೀಯಾ?" ಅಂತ ಮುದುಕಿ ಬಟ್ಟಲು ನೂಕುತ್ತಿದ್ದಳು. ಮೂರನೇ ವಾರ ವಿಜಯಲಕ್ಷ್ಮಿ ಜೀವನದಲ್ಲಿ ಮೊದಲ ಸಲ ಈರುಳ್ಳಿ ಹೆಚ್ಚಿದಳು. ತಾನು ತಿನ್ನಲಿಲ್ಲ, ಬೇರೆ ಪಾತ್ರೆಯಲ್ಲಿ ಮುದುಕಿಗೆ ಮಾಡಿಟ್ಟಳು. ಕಣ್ಣಲ್ಲಿ ಸುರಿದ ನೀರು ಈರುಳ್ಳಿಯದೋ ಬೇರೆಯದೋ ತಿಳಿಯಲಿಲ್ಲ. ಶಿವಮೂರ್ತಿ ಕೆಟ್ಟವನಲ್ಲ, ಆದರೆ ಹದಿನಾಲ್ಕು ವರ್ಷ ಮಾತೇ ಆಡದೆ ಬದುಕಿದವನು. ಅವಳು ಒಂದು ಪ್ರಶ್ನೆ ಕೇಳಿದರೆ ಉತ್ತರ ಮರುದಿನ ಬರುತ್ತಿತ್ತು. ಟವಲು, ದಿಂಬು, ಬಾಗಿಲ ಚಿಲಕ, ಎಲ್ಲದರ ಮೇಲೂ ಮಷೀನಿನ ಎಣ್ಣೆ.

ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ, ಮುದುಕಿ ಎಸೆದ ಲೋಟ ಹಣೆಗೆ ತಾಗಿದ ದಿನ, ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಹೊಸನಗರದ ಬಸ್ಸು ಬಂತು, ಬಾಗಿಲು ಅವಳ ಎದುರಿಗೇ ನಿಂತಿತು. ಅವಳು ಹತ್ತಲಿಲ್ಲ. ಅದು ಪ್ರೀತಿಯಿಂದಲೂ ಅಲ್ಲ, ಊರವರು ಏನೆಂದಾರು ಅನ್ನುವ ಅಂಜಿಕೆಯಿಂದಲೂ ಅಲ್ಲ. ಬೆಂಚಿನ ಮೇಲೆ ಕೂತು ತನ್ನನ್ನೇ ಕೇಳಿಕೊಂಡಿದ್ದಳು: ಬರುವಾಗ ಸಿಟ್ಟಿನಿಂದ ಬಂದೆಯಾ? ಇಲ್ಲ. ಈಗ? ಈಗ ಸಿಟ್ಟಿನಿಂದ ಹೋಗುತ್ತಿದ್ದೀಯ. ಅಂದು ಬಂದವಳ ಮಾತು ಕೇಳಬೇಕೋ, ಇಂದು ಹೊರಟವಳದ್ದೋ? ಬಸ್ಸು ಹೋಯಿತು. ಅವಳು ಇನ್ನೊಂದು ಗಂಟೆ ಅಲ್ಲೇ ಕೂತಿದ್ದು, ಒಂದು ಮೊಳ ಮಲ್ಲಿಗೆ ಕೊಂಡು ಮುಡಿದು ಮನೆಗೆ ವಾಪಸಾದಳು. ಶಿವಮೂರ್ತಿ ಜಗಲಿಯಲ್ಲಿ ನಿಂತಿದ್ದ. ಟ್ರಂಕು ನೋಡಿದ, ಹಣೆಯ ಬಾವು ನೋಡಿದ. ಆವತ್ತು ಉತ್ತರಕ್ಕೆ ಮರುದಿನದವರೆಗೆ ಕಾಯಿಸಲಿಲ್ಲ. "ನಾನು ಕೆಲ್ಸಕ್ಕೆ ಹೋದಾಗ ಒಬ್ಬರನ್ನ ನೋಡ್ಕೊಳ್ಳೋಕೆ ಇಡೋಣ. ನಿಮ್ಮೊಬ್ಬರ ಮೇಲೆ ಬಿಟ್ಟಿದ್ದು ನಂದೇ ತಪ್ಪು" ಅಂದ. ಮರುದಿನದಿಂದಲೇ ಹೆಂಗಸೊಬ್ಬಳು ಬರತೊಡಗಿದಳು. ವಿಜಯಲಕ್ಷ್ಮಿ ಪೂರ್ಣೇಶನ ಅಂಗಡಿಯ ಒಂದು ಮೂಲೆಯಲ್ಲಿ ಕೂತು ರವಿಕೆ ಹೊಲಿಯಲು ಶುರು ಮಾಡಿದಳು.

ಜಿನರಾಜ ಇಪ್ಪತ್ತೊಂದು ತಿಂಗಳು ಅಕ್ಕನ ಜೊತೆ ಮಾತಾಡಲಿಲ್ಲ. ಸಮತಾ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಹಿಂದೆ ಅವನ ಕೆಮ್ಮು ಕೇಳಿಸುತ್ತಿತ್ತು. 2024ರ ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಸಾಗರದ ಆ ಹೆಂಚಿನ ಮನೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ವಿಜಯಲಕ್ಷ್ಮಿ ಹಿತ್ತಲಿನಲ್ಲಿದ್ದಳು. ಅವನನ್ನು ಮೊದಲು ಕಂಡದ್ದು ಮಂಚದ ಮೇಲಿದ್ದ ಕನ್ನಮ್ಮ.

"ಯಾರು?"

"ವಿಜಯಲಕ್ಷ್ಮಿ ತಮ್ಮ."

"ಕರ್ಕೊಂಡು ಹೋಗಕ್ಕೆ ಬಂದ್ಯಾ? ಆಗಲ್ಲ. ಹೋಗು."

ಹಿತ್ತಲ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ವಿಜಯಲಕ್ಷ್ಮಿ ಕೇಳಿಸಿಕೊಂಡಳು. ತಮ್ಮ ಬಂದದ್ದು ಹೆಚ್ಚೋ, ಮುದುಕಿ 'ಆಗಲ್ಲ' ಅಂದದ್ದು ಹೆಚ್ಚೋ, ತಿಳಿಯಲಿಲ್ಲ. ಹಿಂದಿನ ದಿನ ತಾನೇ ಈ ಮುದುಕಿ ಅವಳನ್ನು ಪೀಡೆ ಅಂದಿದ್ದಳು. ಜಿನರಾಜ ಬಾಳೆಗೊನೆ ಹಿಡಿದೇ ನಿಂತಿದ್ದ, ಇಡುವುದೋ ಹೊರಡುವುದೋ ಗೊತ್ತಾಗದೆ. ಕೊನೆಗೆ ಅವಳೇ ಇಸಿದುಕೊಂಡಳು.

ಎರಡು ದೋಸೆ ತಿಂದ. ಮೂರನೆಯದಕ್ಕೆ ಬೇಡ ಅನ್ನಲಿಲ್ಲ. ತನ್ನ ಅಂಗಡಿಯ ಮಾತು, ಹೊಸ ರಸ್ತೆಯ ಮಾತು, ಸಮತಾಳ ಮಂಡಿನೋವಿನ ಮಾತಾಡಿದ. ನಡೆದುಹೋದದ್ದರ ಸುದ್ದಿ ಎತ್ತಲಿಲ್ಲ. ಶಿವಮೂರ್ತಿ ಕೆಲಸದಿಂದ ಬಂದವನು ಅವನನ್ನು ಕಂಡು, ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಬಂದುಬಿಟ್ಟ. ಇಬ್ಬರೂ ಕೈ ಮುಗಿದರು.

ಹೊರಡುವಾಗ ಅಕ್ಕನನ್ನು ಗೇಟಿನವರೆಗೆ ಕರೆದುಕೊಂಡು ಹೋದ.

"ಒಂದು ಕೇಳ್ಲಾ? ಆವತ್ತು ನಿಂಗೆ ಹೆದ್ರಿಕೆ ಆಗ್ಲಿಲ್ವಾ?"

"ಆಯ್ತು. ಈಗ್ಲೂ ಆಗುತ್ತೆ, ಕೆಲವು ದಿನ."

"ಮತ್ತೆ ಹೆಂಗೆ?"

"ಹೆದ್ರಿಕೆ ಆಗುತ್ತೆ ಅಂತ ಗೊತ್ತಿತ್ತು. ಹೋಗ್ಬೇಕು ಅನ್ಸಿದ್ದು ಸುಳ್ಳು ಅನ್ನಿಸ್ಲಿಲ್ಲ, ಅಷ್ಟೇ."

ಅವನು ತಲೆಯಾಡಿಸಿದ. ಅರ್ಥವಾಯಿತು ಅಂತಲೋ, 'ನಿನ್ನ ಕಥೆ ಇಷ್ಟೇ' ಅಂತಲೋ. ಒಳಗಿನಿಂದ ಕನ್ನಮ್ಮ ಕೂಗುತ್ತಿದ್ದಳು, ಅವನು ಹೋದನಾ ಇನ್ನೂ ಇದ್ದಾನಾ, ಬಾಳೆಹಣ್ಣು ಸುಲಿದು ಕೊಡುವವರು ಯಾರು ಅಂತ. ಜಿನರಾಜ ಕಾರಿನ ಬಾಗಿಲು ತೆಗೆದ.

"ಮುಂದಿನ ತಿಂಗಳು ಸಮತಾನ್ನೂ ಕರ್ಕೊಂಡು ಬರ್ತೀನಿ" ಅಂದ. "ಆ ಅಜ್ಜಿಗೆ ಮುಂಚೆನೇ ಹೇಳಿಡು."